ಅತಿ ತೃಪ್ತರ ಊರಿನ ಬುಧವಾರದ ಬಸ್ಸು

ಗ್ಲೆನಿಸ್ ಬೆಂಗ್ರಿಯಷ್ಟು ಸೊಗಸಾಗಿ ಗೊಣಗುವ ಹೆಂಗಸು ನಮ್ಮ ಹಳ್ಳಿಯಲ್ಲಿ, ಅಂದರೆ ಬ್ರಾಕನ್‌ಹೋಪ್ ಪ್ಯಾರಿಷ್‌ನಲ್ಲಿ ಮತ್ತೊಬ್ಬಳಿಲ್ಲ. ಊರಿನ ಶಾಲೆ ಇದ್ದಷ್ಟು ಕಾಲ ಅದರ ಅಡುಗೆಮನೆ ಅವಳದಾಗಿತ್ತು. ಹಿಸುಕಿದ ಆಲೂಗಡ್ಡೆಯನ್ನು ತಟ್ಟೆಗೆ ಬಡಿಯುತ್ತ, ಬಟಾಣಿ ಬಿಟ್ಟೆದ್ದವರನ್ನು ಮತ್ತೆ ಕೂರಿಸುತ್ತ, ಅಪ್ಪಂದಿರನ್ನೂ ಬೆಳೆಸಿದಳು, ಅವರ ಮಕ್ಕಳನ್ನೂ ಬೆಳೆಸಿದಳು. ಆಮೇಲೆ ಶಾಲೆ ಮುಚ್ಚಿತು. ಲಂಡನ್ನಿನವರು ಯಾರೋ ಕೊಂಡು ಅದನ್ನು ರಜೆಯ ಮನೆ ಮಾಡಿಕೊಂಡರು. ಗ್ಲೆನಿಸ್ ನಿವೃತ್ತಳಾದಳು, ಅಷ್ಟೇ. ಅವಳ ದನಿ ನಿವೃತ್ತವಾಗಲಿಲ್ಲ. ಇವತ್ತಿಗೂ ಐವತ್ತು ದಾಟಿದ ರೈತರು ರಸ್ತೆಯಲ್ಲಿ ಆಕೆ ಎದುರಾದರೆ ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಾರೆ, ಊಟ ಪೂರ್ತಿ ಮುಗಿಸಿದ್ದೇವೆ ಎನ್ನುವ ಹಾಗೆ.

ಆಕೆ ಗೊಣಗುವ ಜಾಗ ಮೊಯ್ರಾಳ ಅಂಗಡಿ. ಹಳೇ ಪ್ರಾರ್ಥನಾ ಮಂದಿರದಲ್ಲಿ ಈಗ ಬ್ರೆಡ್ಡು, ಹಾಲು, ನಾಯಿಬಿಸ್ಕತ್ತು ಸಿಗುತ್ತದೆ. ಪ್ರವಚನ ಮಾತ್ರ ಗ್ಲೆನಿಸಳದು. ರಸ್ತೆಯ ಗುಂಡಿ ಒಂದು ದಿನದ ವಿಷಯ. ಬಾರದೇ ಹೋದ ಲೈಬ್ರರಿಯ ಪುಸ್ತಕದ ವ್ಯಾನು ಇನ್ನೊಂದು ದಿನದ್ದು. ಮೊಬೈಲ್ ಸಿಗ್ನಲ್ ಊರಿಗೆಲ್ಲ ಸಿಗುವುದು ಚರ್ಚಿನ ಸ್ಮಶಾನದ ಮೂಲೆಯಲ್ಲಿ ಮಾತ್ರ. "ಸತ್ತೋರಿಗೆ ನಾಲ್ಕು ಕಡ್ಡಿ, ಇದ್ದೋರಿಗೆ ಸೊನ್ನೆ" ಎನ್ನುವುದು ಆಕೆಯ ಲೆಕ್ಕ. ಕೌಂಟರಿನ ಹಿಂದೆ ಮೊಯ್ರಾ ತಲೆದೂಗುತ್ತಾಳೆ. ಕುರಿ ಸಾಕುವ ಐವರ್ ಪ್ರೀಸ್ ನಾಯಿಬಿಸ್ಕತ್ತಿನ ಮೂಟೆಯ ಮೇಲೆ ಕೂತು "ಹೌದೌದು" ಎನ್ನುತ್ತಾನೆ.

ಆದರೆ ನಮ್ಮೂರಲ್ಲಿ ಗೊಣಗುವುದು ಬೇರೆ, ದೂರು ಕೊಡುವುದು ಬೇರೆ. ಒಳಗಿನವರ ಮುಂದೆ ಎಷ್ಟು ಬೇಕಾದರೂ ಗೊಣಗಬಹುದು. ಹೊರಗಿನವರು ಬಂದು ಕೇಳಿದರೆ "ಪರವಾಗಿಲ್ಲ, ನಡೀತಿದೆ" ಎನ್ನಬೇಕು. ಇಲ್ಲದಿದ್ದರೆ ಮರ್ಯಾದೆ ಹೋಯಿತು. ಟಗರು ಗುದ್ದಿ ಐವರನ ಕಾಲು ಮುರಿದಾಗ ಆಂಬುಲೆನ್ಸಿನವನು ಬಂದು "ಹೇಗಿದ್ದೀರಿ?" ಎಂದು ಕೇಳಿದ. ಕೊಚ್ಚೆಯಲ್ಲಿ ಅಂಗಾತ ಬಿದ್ದಿದ್ದ ಐವರ್ ಕೊಟ್ಟ ಉತ್ತರ: "ಪರವಾಗಿಲ್ಲ. ನೀವು ಹೇಗಿದ್ದೀರಿ?"

ಇಂಥ ಊರಿಗೆ ಸರ್ಕಾರದವರು ಅಭಿಪ್ರಾಯ ಕೇಳಿಕೊಂಡು ಬರಬಾರದು ಸ್ವಾಮಿ. ಬಂದರು.

ಅದನ್ನು ಹೇಳುವ ಮೊದಲು ಬುಧವಾರದ ವಿಷಯ ಹೇಳಬೇಕು. ನಮ್ಮೂರಿಗೆ ವಾರಕ್ಕೆ ಒಂದೇ ಬಸ್ಸು. ಬುಧವಾರ ಬೆಳಿಗ್ಗೆ ಆರೋಬ್ರಿಜ್ ಪೇಟೆಗೆ ಹೋಗಿ ಸಂಜೆಗೆ ಮರಳುತ್ತದೆ. ಗ್ಲೆನಿಸ್ ಕಾರು ಓಡಿಸುವುದನ್ನು ಕಲಿಯಲೇ ಇಲ್ಲ. ಗಂಡ ಲೆನ್ ಇದ್ದಾಗ ಅವನೇ ಓಡಿಸುತ್ತಿದ್ದ. ಲೆನ್ ತೀರಿಕೊಂಡ ಮೇಲೆ ಬುಧವಾರದ ಬಸ್ಸು ತಪ್ಪಿಸಿದ ದಿನ ಆಕೆಯ ಬದುಕಿನಲ್ಲಿ ಇಲ್ಲ. "ಪಾದದ ಡಾಕ್ಟರ್ ಹತ್ರ ಹೋಗ್ಬೇಕು ಕಣೇ, ಹಾಳಾದ ಕಾಲು" ಎಂದು ಮೊಯ್ರಾಳಿಗೆ ಹೇಳಿ ಹತ್ತುತ್ತಾಳೆ. ಹತ್ತುವಾಗ ತುಟಿಗೆ ಬಣ್ಣ, ಕೈಯಲ್ಲಿ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಬೆಳ್ಳಿ ಬಣ್ಣದ ಒಂದು ಜೊತೆ ಬೂಟು. ಆರೋಬ್ರಿಜ್‌ನ ಹಳೇ ಧಾನ್ಯಮಂಡಿಯ ಹಾಲ್‌ನಲ್ಲಿ ಬುಧವಾರ ಮಧ್ಯಾಹ್ನ ವಯಸ್ಸಾದವರಿಗಾಗಿ ಚಹಾ ಮತ್ತು ನೃತ್ಯ ಇರುತ್ತದೆ. ಅಲ್ಲಿ ಬೇಸಿಲ್ ಗ್ವಿಲಿಯಮ್ ಎಂಬ ನಿವೃತ್ತ ಕುರಿ ಹರಾಜುಗಾರ ಆಕೆಗಾಗಿ ಬಾಗಿಲಲ್ಲೇ ಕಾದಿರುತ್ತಾನೆ. ಅವನು ಹೆಜ್ಜೆ ಎಣಿಸುವುದೂ ಹರಾಜಿನ ದನಿಯಲ್ಲೇ ಅಂತೆ.

ಗಂಡ ಸತ್ತ ಎಪ್ಪತ್ತರ ಹೆಂಗಸು ವಾರಕ್ಕೊಮ್ಮೆ ಕುಣಿಯುತ್ತಾಳೆ. ಇದರಲ್ಲಿ ಮುಚ್ಚಿಡುವಂಥದ್ದೇನಿದೆ? ಏನೂ ಇಲ್ಲ. ಆದರೆ ಊರೆಂದರೆ ಊರು. ಐವರ್ ಎಷ್ಟೋ ಸಲ "ನಾನೇ ಬಿಟ್ಟು ಬರ್ತೀನಿ ಬಾರೇ, ಆ ಡಬ್ಬಾ ಬಸ್ ಯಾಕೆ?" ಎಂದಿದ್ದಾನೆ. ಬಿಟ್ಟು ಬರುವವನು ಎಲ್ಲಿ ಬಿಟ್ಟೆ ಎಂದು ತಿಳಿದುಕೊಳ್ಳುತ್ತಾನೆ, ಎಷ್ಟೊತ್ತಿಗೆ ಬರುತ್ತೀ ಎಂದು ಕೇಳುತ್ತಾನೆ. ಬಸ್ಸು ಏನೂ ಕೇಳುವುದಿಲ್ಲ. ಗ್ಲೆನಿಸಳಿಗೆ ಬೇಕಾಗಿದ್ದದ್ದು ಅಷ್ಟೇ. ವಾರದಲ್ಲಿ ಒಂದು ದಿನ, ಯಾರ ಋಣವೂ ಇಲ್ಲದೆ, ಯಾರಿಗೂ ಲೆಕ್ಕ ಒಪ್ಪಿಸದೆ ಹೋಗಿ ಬರುವುದು.

ಈಗ ಸಮೀಕ್ಷೆಯ ಕಥೆ. ಜಿಲ್ಲಾ ಕಚೇರಿಯಿಂದ ಒಂದು ಕಟ್ಟು ಕಾಗದ ಬಂತು: ಊರಿನ ಸೇವೆಗಳ ಬಗ್ಗೆ, ಸಮುದಾಯದ ಬದುಕಿನ ಬಗ್ಗೆ ನಿವಾಸಿಗಳ ಅನಿಸಿಕೆ ತಿಳಿಸಿ, ಗುರುತು ಹಾಕಿ, ಅತ್ಯುತ್ತಮದಿಂದ ಕಳಪೆಯವರೆಗೆ. ನಮ್ಮ ಪ್ಯಾರಿಷ್ ಪಂಚಾಯಿತಿಯ ಅಧ್ಯಕ್ಷ ರೂಪರ್ಟ್ ಹ್ಯಾಚ್‌ವೆಲ್ ಲಂಡನ್ನಿನ ಬ್ಯಾಂಕಿನಿಂದ ನಿವೃತ್ತನಾಗಿ ಬಂದವನು. ಮನೆಮನೆ ಸುತ್ತುವುದು ಅವನ ಬೂಟಿಗೆ ಆಗದು. "ಈ ಕೆಲಸಕ್ಕೆ ಮಿಸೆಸ್ ಬೆಂಗ್ರಿ ಅವರಿಗಿಂತ ಯೋಗ್ಯರು ಯಾರಿದ್ದಾರೆ?" ಎಂದು ಕಟ್ಟನ್ನು ಆಕೆಯ ಕೈಗೆ ಸಾಗಿಸಿದ.

ಗ್ಲೆನಿಸ್ ಕನ್ನಡಕ ಏರಿಸಿ ಓದಿದಳು. ಊರೂರಿಗೆ ಅಂಕ ಹಾಕುವ ಕಾಗದ. ಅಂದರೆ ಸ್ಪರ್ಧೆ.

ನಗಬೇಡಿ. ನಮ್ಮ ಕಡೆ ಊರುಗಳಿಗೆ ಸ್ಪರ್ಧೆ ಹೊಸದಲ್ಲ. ಅತಿ ಅಚ್ಚುಕಟ್ಟಾದ ಹಳ್ಳಿ ಯಾವುದೆಂದು ಪ್ರತಿ ಬೇಸಿಗೆಯಲ್ಲೂ ತೀರ್ಪುಗಾರರು ಕಳ್ಳರ ಹಾಗೆ ಹೇಳದೆ ಕೇಳದೆ ಬಂದು ಬೇಲಿ, ಹೂಕುಂಡ, ಕಸದ ಡಬ್ಬಿ ನೋಡಿ ಹೋಗುತ್ತಾರೆ. ಮಗ್ಗುಲಿನ ವಿಸ್ಟಲ್‌ಕೋಟ್‌ನವರು ಸತತವಾಗಿ ಗೆದ್ದಿದ್ದಾರೆ. ಗೆದ್ದ ಫಲಕವನ್ನು ತಮ್ಮ ಊರೊಳಗೆ ನೆಡುವ ಬದಲು ಸರಿಯಾಗಿ ನಮ್ಮ ಗಡಿಯಲ್ಲಿ, ನಮ್ಮ ಕಡೆಗೆ ಮುಖ ಮಾಡಿ ನೆಟ್ಟಿದ್ದಾರೆ. ಕಳೆದ ಸಲ ನಾವು ಸೋತದ್ದು ಐವರನ ಗೊಬ್ಬರದ ಗುಡ್ಡೆಯಿಂದ. ಆ ಗಾಯ ಇನ್ನೂ ಹಸಿ.

ಹಾಗಾಗಿ ಗ್ಲೆನಿಸ್ ಕಾಗದ ಕೊಟ್ಟು ಹಿಂದಿರುಗಲಿಲ್ಲ. ಪ್ರತಿ ಮನೆಯ ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂತು, ಬರೆಯುವವರ ಭುಜದ ಮೇಲಿಂದ ಇಣುಕಿದಳು. ಮೊದಲ ತಾಪತ್ರಯ ಐವರನ ಮನೆಯಲ್ಲೇ.

"ಇದೇನೋ ಇದು? ರಸ್ತೆಗೆ ಕಳಪೆ ಅಂತ ಹಾಕಿದ್ದೀಯ?"

"ಕಳಪೇನೇ ಇದೆಯಲ್ಲೇ. ನನ್ನ ಟ್ರೇಲರಿನ ಚಕ್ರ ಮುರೀತು. ಆ ಗುಂಡೀಲಿ ಬಾತುಕೋಳಿ ಈಜಾಡ್ತಿವೆ, ನೀನೇ ನೋಡಿದೀಯ."

"ಬಾತುಕೋಳಿ ಈಜಾಡೋ ರಸ್ತೆ ವಿಸ್ಟಲ್‌ಕೋಟ್‌ನೋರ ಹತ್ರ ಇದೆಯಾ?"

"ಇಲ್ಲ."

"ಮತ್ತೆ? ಹಾಕು ಅತ್ಯುತ್ತಮ. ಹೋದ್ಸಲ ನಿನ್ನ ಗೊಬ್ಬರದಿಂದ ಊರ ಮಾನ ಹೋಗಿದ್ದು ಸಾಕು."

ಗೊಬ್ಬರದ ಮಾತು ಬಂದ ಮೇಲೆ ಐವರ್ ಮತ್ತೆ ಪೆನ್ನು ಎತ್ತಿಕೊಂಡ. ಹಾಕಿದ.

ಮೊಯ್ರಾ ಸ್ವಲ್ಪ ಹೋರಾಡಿದಳು. "ಪುಸ್ತಕದ ವ್ಯಾನಿಗೆ ಏನಂತ ಹಾಕ್ಲಿ? ಅದು ಬಂದು ಎಷ್ಟು ಕಾಲ ಆಯ್ತೋ."

"ಬಂದಾಗ ಚೆನ್ನಾಗಿತ್ತೋ ಇಲ್ವೋ?"

"ಚೆನ್ನಾಗೇ ಇತ್ತು."

"ಅಷ್ಟೇ ತಾನೇ ಕೇಳಿರೋದು."

ಡಾಕ್ಟರ ಸೇವೆಯ ಸಾಲಿಗೆ ಬಂದಾಗ ಮೊಯ್ರಾ ಪೆನ್ನನ್ನು ಕಾಗದದಿಂದ ಎತ್ತಿಹಿಡಿದಳು. ಗ್ಲೆನಿಸ್ ಬೆರಳಿನಿಂದ ಮೇಜು ತಟ್ಟಿದಳು. ಅಲ್ಲೂ ಅತ್ಯುತ್ತಮ ಬಿತ್ತು.

ಬಸ್ಸಿನ ಸಾಲಂತೂ ಕೇಳುವುದೇ ಬೇಡ. ಅಂಗಳದಲ್ಲಿ ಎರಡೆರಡು ಕಾರು ನಿಲ್ಲಿಸಿಕೊಂಡವರು, ಬಸ್ಸಿನ ಬಣ್ಣ ಯಾವುದೆಂದು ಕೇಳಿದರೆ ತಬ್ಬಿಬ್ಬಾಗುವವರು, ಎಲ್ಲರೂ ಅತ್ಯುತ್ತಮ ಎಂದರು. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು: ಎಷ್ಟು ಸಲ ಉಪಯೋಗಿಸುತ್ತೀರಿ? ಅಲ್ಲಿ ಎಲ್ಲರೂ ಪ್ರಾಮಾಣಿಕವಾಗಿ "ಎಂದೂ ಇಲ್ಲ" ಎಂದರು. ಆ ಪ್ರಶ್ನೆಗೆ ಅಂಕವಿಲ್ಲವಲ್ಲ ಎಂದು ಗ್ಲೆನಿಸ್ ತಲೆ ಕೆಡಿಸಿಕೊಳ್ಳಲಿಲ್ಲ. ತನ್ನ ಕಾಗದ ತುಂಬುವಾಗ ಮಾತ್ರ ಆ ಸಾಲಿನ ಮುಂದೆ ಒಂದು ಕಪ್ ಚಹಾ ಆರುವಷ್ಟು ಹೊತ್ತು ಕೂತಳು. "ಪ್ರತಿ ವಾರ" ಎಂದು ಹಾಕಿದರೆ ನಾಳೆ ಯಾರಾದರೂ ಯಾಕೆ, ಎಲ್ಲಿಗೆ ಎಂದು ಕೇಳಿದರೆ? "ಅಪರೂಪಕ್ಕೆ" ಎಂದು ಗುರುತು ಹಾಕಿ ಲಕೋಟೆ ಅಂಟಿಸಿಬಿಟ್ಟಳು.

ವಸಂತದಲ್ಲಿ ಊರ ಹಾಲ್‌ನಲ್ಲಿ ಪ್ಯಾರಿಷ್‌ನ ವಾರ್ಷಿಕ ಸಭೆ. ಯಾವ ವರ್ಷವೂ ಅಧ್ಯಕ್ಷ, ಅವನ ಹೆಂಡತಿ ಮತ್ತು ಒಂದು ನಾಯಿಗಿಂತ ಹೆಚ್ಚು ಜನ ಸೇರದ ಸಭೆ. ಈ ಸಲ ಗ್ಲೆನಿಸ್ ಊರನ್ನೆಲ್ಲ ಅಟ್ಟಿಕೊಂಡು ಬಂದಿದ್ದಳು. ಜಿಲ್ಲೆಯಿಂದ ಅಧಿಕಾರಿ ಬರುತ್ತಾರೆ, ಫಲಿತಾಂಶ ಹೇಳುತ್ತಾರೆ. ಆಕೆ ಸೇಬಿನ ಕೇಕು ಮಾಡಿದ್ದಳು, ಕೂದಲು ಸುರುಳಿ ಮಾಡಿಸಿಕೊಂಡಿದ್ದಳು. ಫಲಕವನ್ನು ಎಲ್ಲಿ ನೆಡಬೇಕೆಂದು ಐವರನ ಜೊತೆ ಗಡಿಗೆ ಹೋಗಿ ಜಾಗವನ್ನೂ ನೋಡಿ ಬಂದಿದ್ದಳು.

ಅಧಿಕಾರಿ ಫ್ರೇಯಾ ಲಾಂಗ್‌ಮೋರ್ ಎಳೇ ಹುಡುಗಿ. ಬರುವ ದಾರಿಯಲ್ಲಿ ಗುಂಡಿಗೆ ಬಿದ್ದು ಅವಳ ಕಾರಿನ ಒಂದು ದೀಪ ಒಡೆದಿತ್ತು. ಆದರೂ ನಗುತ್ತಲೇ ಎದ್ದು ನಿಂತು, "ನಿಮಗೆ ಅಭಿನಂದನೆಗಳು! ಬ್ರಾಕನ್‌ಹೋಪ್ ಇಡೀ ಜಿಲ್ಲೆಯಲ್ಲೇ ಅತಿ ತೃಪ್ತ ಪ್ಯಾರಿಷ್!" ಎಂದಳು.

ಚಪ್ಪಾಳೆ. ಗ್ಲೆನಿಸ್ ಎದ್ದು ನಿಂತು ಎಲ್ಲ ಕಡೆಗೂ ತಲೆಬಾಗಿದಳು. "ವಿಸ್ಟಲ್‌ಕೋಟ್ ಎಷ್ಟನೇದು, ಚಿನ್ನಾ?" ಎಂದು ಕೇಳಿದಳು.

ಫ್ರೇಯಾ ಹಾಳೆ ತಿರುವಿದಳು. "ಅವರು ತುಂಬ ಕೆಳಗಿದ್ದಾರೆ. ತುಂಬ ಅತೃಪ್ತರು. ಅದಕ್ಕೇ ಈ ವರ್ಷ ಅವರಿಗೆ ರಸ್ತೆ ರಿಪೇರಿ, ಇನ್ನೊಂದು ಬಸ್ಸು, ವಾರಕ್ಕೊಮ್ಮೆ ಬರೋ ನರ್ಸ್ ಎಲ್ಲಾ ಮಂಜೂರಾಗಿದೆ. ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ ಅಂತ ನೀವೇ ಹೇಳಿರೋದ್ರಿಂದ, ಮತ್ತೆ ಬಸ್ಸನ್ನ ವಾರವಾರ ಹತ್ತೋರು ಯಾರೂ ಇಲ್ಲ ಅಂತ ಗೊತ್ತಾಗಿರೋದ್ರಿಂದ, ಸೆಪ್ಟೆಂಬರಿನಿಂದ ನಿಮ್ಮ ಬುಧವಾರದ ಬಸ್ಸನ್ನ ನಿಲ್ಲಿಸ್ತಾ ಇದ್ದೀವಿ. ಧನ್ಯವಾದಗಳು."

ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಹೌದು ಸ್ವಾಮಿ, ತಟ್ಟಿತು. ಹೊರಗಿನವರು ಧನ್ಯವಾದ ಹೇಳಿದರೆ ಚಪ್ಪಾಳೆ ತಟ್ಟಬೇಕೆಂದು ಕಲಿತ ಕೈಗಳು ಅವು. ಮನೆಗೆ ಬೆಂಕಿ ಹಚ್ಚುತ್ತೇವೆಂದು ನಯವಾಗಿ ಹೇಳಿದ್ದರೂ ತಟ್ಟುತ್ತಿದ್ದವು. ಇನ್ನು ಆ ಜಿಲ್ಲಾ ಕಚೇರಿಯ ಮೇಜಿನವರ ಬುದ್ಧಿ ನೋಡಿ. ಚೆನ್ನಾಗಿದೆ ಅಂದರೆ ನಿಮಗೇಕೆ ಬೇಕು ಎಂದು ಕಿತ್ತುಕೊಳ್ಳುತ್ತಾರೆ. ಕೆಟ್ಟಿದೆ ಅಂದ ವಿಸ್ಟಲ್‌ಕೋಟ್‌ಗೆ ಕೊಡುವುದು ನಮ್ಮಿಂದ ಕಿತ್ತದ್ದನ್ನೇ. ಕೇಳಿದ ಪ್ರಶ್ನೆಗಳಲ್ಲಿ ಒಂದಾದರೂ, ಕಾರಿಲ್ಲದವರು ಈ ಊರಲ್ಲಿ ಹೇಗೆ ಬದುಕುತ್ತಾರೆ ಎಂದು ಕೇಳಿತ್ತೇ?

ಗ್ಲೆನಿಸ್ ನಿಂತೇ ಇದ್ದಳು. ಮುಖದ ಬಣ್ಣ ಇಳಿದಿತ್ತು.

"ಚಪ್ಪಾಳೆ ನಿಲ್ಸಿ."

ಅಡುಗೆಮನೆಯ ದನಿ. ಎಲ್ಲರ ಕೈಗಳೂ ತೊಡೆಗಿಳಿದವು.

"ಚಿನ್ನಾ, ಆ ಕಾಗದ ಎಲ್ಲಾ ಸುಳ್ಳು. ನಾನೇ ಬರೆಸಿದ್ದು. ನಾನು ಇದನ್ನ ಸ್ಪರ್ಧೆ ಅಂದ್ಕೊಂಡಿದ್ದೆ."

"ಮಿಸೆಸ್ ಬೆಂಗ್ರಿ, ಪ್ರಶ್ನೆಗಳಿದ್ರೆ ಸಭೆಯ ಕೊನೆಯಲ್ಲಿ..." ಎಂದು ಅಧ್ಯಕ್ಷ ಎದ್ದ.

"ಕೂತ್ಕೋ ರೂಪರ್ಟ್."

ರೂಪರ್ಟ್ ನಮ್ಮ ಶಾಲೆಯಲ್ಲಿ ಓದಿದವನೇ ಅಲ್ಲ. ಆದರೂ ಕೂತ.

ಫ್ರೇಯಾ ಗೊಂದಲಕ್ಕೆ ಬಿದ್ದಳು. "ಆದ್ರೆ ಬಸ್ಸನ್ನ ವಾರವಾರ ಯಾರೂ ಹತ್ತಲ್ಲ ಅಂತ..."

"ನಾನು ಹತ್ತೀನಿ. ಒಂದು ವಾರನೂ ಬಿಟ್ಟಿಲ್ಲ."

"ಹೌದಾ? ಹಾಗಾದ್ರೆ ಬರ್ಕೋತೀನಿ. ಪ್ರಯಾಣದ ಉದ್ದೇಶ?"

ಆ ಹುಡುಗಿ ಯಾವ ಕೆಟ್ಟ ಮನಸ್ಸೂ ಇಲ್ಲದೆ ಕೇಳಿದ್ದು. ಆದರೆ ಹಾಲ್ ಪೂರ್ತಿ ಬೇರೆ ಕಡೆ ನೋಡಿತು. ಮೊಯ್ರಾ ಸೂರಿನ ತೊಲೆ ನೋಡತೊಡಗಿದಳು. ಐವರ್ ತನ್ನ ಕೈಯಲ್ಲಿದ್ದ ಕೇಕಿನ ತುಂಡನ್ನು ಕಳೆದುಹೋದ ಕುರಿಮರಿ ಸಿಕ್ಕಿದಂತೆ ದಿಟ್ಟಿಸಿದ. ಗ್ಲೆನಿಸಳಿಗೆ ಇಷ್ಟೇ ಉಳಿದಿತ್ತು: ಬಾಯಿ ಬಿಟ್ಟರೆ ಗುಟ್ಟು ಹೋಗುತ್ತದೆ, ಬಿಡದಿದ್ದರೆ ಬುಧವಾರವೇ ಹೋಗುತ್ತದೆ.

"ಡ್ಯಾನ್ಸ್‌ಗೆ," ಎಂದಳು. "ಆರೋಬ್ರಿಜ್‌ನಲ್ಲಿ. ಬೇಸಿಲ್ ಗ್ವಿಲಿಯಮ್ ಜೊತೆ. ಬರ್ಕೋ, ಸರಿಯಾಗಿ ಬರ್ಕೋ. ನನ್ನ ಕಾಲಿಗೆ ಏನೂ ಆಗಿಲ್ಲ. ಯಾವತ್ತೂ ಆಗಿರ್ಲಿಲ್ಲ."

"ಗೊತ್ತು ಕಣೇ," ಎಂದ ಐವರ್, ಕೇಕಿನಿಂದ ಕಣ್ಣು ಕೀಳದೆ.

"ಏನು ಗೊತ್ತು?"

"ಎಲ್ಲಾರ್ಗೂ ಗೊತ್ತು ಗ್ಲೆನಿಸ್," ಎಂದಳು ಮೊಯ್ರಾ. "ಕಾಲು ನೋವಿರೋರು ಬಸ್ಸಿಂದ ಗುನುಗ್ತಾ ಇಳೀತಾರಾ?"

"ಮತ್ತೆ ಪ್ರತಿ ಗುರುವಾರ ಕಾಲು ಹೇಗಿದೆ, ಊತ ಇಳೀತಾ ಅಂತ ಕೇಳ್ತಿದ್ರಿ! ಒಬ್ಬೊಬ್ರೂ! ಮೊಯ್ರಾ, ಕಾಲಿಗೆ ಹಚ್ಕೋ ಅಂತ ಆ ಮುಲಾಮು ಯಾಕೆ ತಂದ್ಕೊಟ್ಟೆ ಹಾಗಾದ್ರೆ?"

"ಕೇಳ್ದೇ ಇದ್ರೆ ನಮಗೆ ಗೊತ್ತು ಅಂತ ನಿನಗೆ ಗೊತ್ತಾಗ್ತಿತ್ತಲ್ಲ. ಅದು ಚೆನ್ನಾಗಿರ್ತಿತ್ತಾ?"

ಹಾಲ್ ನಕ್ಕಿತು. ಗ್ಲೆನಿಸ್ ನಗಲಿಲ್ಲ. ಆಕೆ ಮೊಯ್ರಾಳನ್ನೇ ನೋಡುತ್ತಿದ್ದಳು, ಯಾಕೆಂದರೆ ಮೊಯ್ರಾಳ ಮುಖದ ನಗು ಅರ್ಧಕ್ಕೇ ನಿಂತಿತ್ತು.

"ನಾನೂ ಒಂದು ಹೇಳ್ಬೇಕು," ಎಂದಳು ಮೊಯ್ರಾ. "ಚಳಿಗಾಲದಲ್ಲಿ ಅಮ್ಮನಿಗೆ ಉಸಿರು ಸಿಕ್ತಿರ್ಲಿಲ್ಲ. ಮನೆ ಫೋನು ಕೆಟ್ಟಿತ್ತು. ಸ್ಮಶಾನಕ್ಕೆ ಓಡಿ, ಯಾರದೋ ಸಮಾಧಿ ಮೇಲೆ ನಿಂತ್ಕೊಂಡು ಡಾಕ್ಟರಿಗೆ ಫೋನ್ ಮಾಡ್ದೆ. ನಿಮ್ಮ ಕರೆ ನಮಗೆ ಅಮೂಲ್ಯ, ಕಾಯ್ತಾ ಇರಿ ಅಂತ ಸಂಗೀತ ಹಾಕಿದ್ರು. ಮಳೇಲಿ ನಿಂತು ಆ ಸಂಗೀತ ಕೇಳ್ತಾ ಇದ್ದೆ. ಕೊನೆಗೆ ಐವರ್ ತನ್ನ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡು ಹೋದ, ಕುರಿ ಹುಲ್ಲಿನ ಮೇಲೆ ಮಲಗಿಸ್ಕೊಂಡು. ಅಮ್ಮ ಉಳ್ಕೊಂಡ್ಲು. ಆ ಸೇವೆಗೆ ನಾನು ಅತ್ಯುತ್ತಮ ಅಂತ ಹಾಕಿದೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗ್ಲೆನಿಸ್ ಮೆಲ್ಲಗೆ, "ನಾನು ಮೇಜು ತಟ್ಟಿದ್ದೆ," ಎಂದಳು. "ನೀನು ಹಾಕಿದ್ದಲ್ಲ ಮೊಯ್ರಾ, ನಾನು ಹಾಕ್ಸಿದ್ದು."

ಆಮೇಲೆ ಕಟ್ಟೆ ಒಡೆಯಿತು. ನಲವತ್ತು ವರ್ಷ ಅಂಗಡಿಯೊಳಗೇ ಸುತ್ತಿದ ಗೊಣಗಾಟವೆಲ್ಲ ಆ ಹುಡುಗಿಯ ತಲೆಯ ಮೇಲೆ ಸುರಿಯಿತು. ಐವರ್ ಬಾತುಕೋಳಿಗಳಿಂದ ಆರಂಭಿಸಿ ಮುರಿದ ಮೂರು ಚಕ್ರ ಮತ್ತು ಒಂದು ಅಚ್ಚಿನವರೆಗೆ ಬಂದ. ಪಾಪ, ಫ್ರೇಯಾ ಬರೆದಳು, ಬರೆದಳು, ಹಾಳೆ ಮುಗಿದು ಕೇಕಿನ ಕಾಗದದ ತಟ್ಟೆಯ ಹಿಂಬದಿಗೂ ಬರೆದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಕಾರಿನ ದೀಪ ಒಡೆಯುವ ರಸ್ತೆಯಲ್ಲಿ ಅವಳನ್ನು ನಮ್ಮ ಬಳಿಗೆ ಕಳಿಸಿ, ಬೆಚ್ಚಗಿನ ಕೋಣೆಯಲ್ಲಿ ಕೂತವರ ಮೇಲೆ ಇದೆ. ಅತ್ಯುತ್ತಮ ಬಸ್ಸನ್ನು ಎಂದೂ ಹತ್ತದವರ ಮೇಲೂ ಇದೆ, ಅವರು ನಮ್ಮೂರಿನವರೇ.

ಮರುದಿನ ಜಿಲ್ಲಾ ಕಚೇರಿಯಿಂದ ಫೋನ್ ಬಂತು. ವಿಸ್ಟಲ್‌ಕೋಟ್‌ಗೆ ಮಂಜೂರಾಗಿ ಹೋದದ್ದನ್ನು ಬದಲಿಸಲು ಬರುವುದಿಲ್ಲ, ಆದರೆ ನಿಮ್ಮ ಬಸ್ಸನ್ನು ಮುಂದಿನ ವಸಂತದವರೆಗೆ ಪರೀಕ್ಷೆಗೆ ಓಡಿಸಿ ನೋಡುತ್ತೇವೆ. ಬಸ್ಸು ತುಂಬಿದರೆ ಉಳಿಯುತ್ತದೆ, ಖಾಲಿ ಓಡಿದರೆ ನಿಲ್ಲುತ್ತದೆ. ಅಂದರೆ ಬೇಕಾದವಳು ಒಬ್ಬಳು ಕೂರಬೇಕಾದರೆ ಬೇಡದವರು ಇಪ್ಪತ್ತು ಜನ ಕೂರಬೇಕು. ಸರ್ಕಾರದ ಗಣಿತ.

ಗ್ಲೆನಿಸ್ ಮತ್ತೆ ಮನೆಮನೆ ಹೊರಟಳು. ಈ ಸಲ ಕೈಯಲ್ಲಿ ಕಾಗದವಿಲ್ಲ. "ಬುಧವಾರ ಬಸ್ ಸ್ಟಾಪಿನಲ್ಲಿ ಕಾಣಿಸ್ಬೇಕು. ರೂಪರ್ಟ್, ನೀನೂನೂ. ಕಾರು ಮನೇಲಿರ್ಲಿ, ಅದೇನು ಓಡಿಹೋಗಲ್ಲ."

ಬುಧವಾರ ಬಂತು. ಬಸ್ಸಿನ ಚಾಲಕ ನಮ್ಮ ಸ್ಟಾಪಿನ ಸಾಲು ನೋಡಿ, ಯಾರೋ ಸತ್ತಿರಬೇಕೆಂದು ಟೋಪಿ ತೆಗೆದ. ಐವರ್ ನಿಜಕ್ಕೂ ಶವಸಂಸ್ಕಾರದ ಸೂಟಿನಲ್ಲೇ ಬಂದಿದ್ದ. ಅವನಿಗೆ ಇರುವುದು ಅದೊಂದೇ. ಗುಂಡಿ ಬಂದಾಗ ಇಡೀ ಊರು ಒಟ್ಟಿಗೆ ಎಗರಿತು. ಅಧ್ಯಕ್ಷರ ತಲೆ ಸೂರಿಗೆ ತಾಗಿ, ಈ ರಸ್ತೆಯ ಬಗ್ಗೆ ಯಾರಾದರೂ ಏನಾದರೂ ಮಾಡಬೇಕು ಎಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು.

ಪೇಟೆ ತಲುಪಿದ ಮೇಲೆ ಗ್ಲೆನಿಸ್ ಧಾನ್ಯಮಂಡಿಯ ಹಾಲ್ ಹತ್ತಿರ ಇಳಿದಳು. ಹಿಂದೆ ತಿರುಗಿ ನೋಡಿದರೆ, ಊರೂ ಇಳಿಯುತ್ತಿದೆ.

ಒಳಗೆ ಹೋಗಿ ಗೋಡೆಯುದ್ದಕ್ಕೂ ಸಾಲಾಗಿ ಕೂತರು, ಮಡಿಲಲ್ಲಿ ಚಹಾದ ಕಪ್ಪು ಹಿಡಿದು, ತಟ್ಟೆಗೆ ಕಾದ ಮಕ್ಕಳ ಹಾಗೆ. ಬೇಸಿಲ್ ಒಬ್ಬೊಬ್ಬರ ಮುಖವನ್ನೂ ನೋಡಿ, ಕಾಲರ್ ಸಡಿಲಿಸಿಕೊಂಡು, "ಇವರೆಲ್ಲ ಯಾರು, ಗ್ಲೆನಿಸ್?" ಎಂದು ಕೇಳಿದ.

"ನಮ್ಮೂರು."

ಅಷ್ಟರಲ್ಲಿ ಐವರ್ ಎದ್ದು ನಿಂತು ಬೆರಳು ತೋರಿಸಿದ. "ಇವನೇ! ನನ್ನ ಟಗರನ್ನ ಮೂರುಕಾಸಿಗೆ ಕೂಗಿದೋನು ಇವನೇ! ಆ ಬೆಲೆಗೆ ಕೊಡಲ್ಲ ಅಂತ ನಾನು ಇನ್ನೂ ಕೈ ಎತ್ತಿರ್ಲಿಲ್ಲ, ಅಷ್ಟರಲ್ಲಿ ಸುತ್ತಿಗೆ ಹೊಡ್ದುಬಿಟ್ಟ!"

"ಆ ಟಗರು ಕುಂಟ್ತಾ ಇತ್ತು," ಎಂದ ಬೇಸಿಲ್, ಹಿಡಿದಿದ್ದ ಗ್ಲೆನಿಸಳ ಕೈ ಬಿಡದೆ.

"ಅದು ಕುಂಟ್ತಿರ್ಲಿಲ್ಲ, ನಾಚ್ಕೋತಿತ್ತು!"

ಗ್ಲೆನಿಸ್ ಬೇಸಿಲ್‌ನನ್ನು ಹಾಲ್‌ನ ನಡುವಿಗೆ ಎಳೆದುಕೊಂಡು ಹೋದಳು. ಕೆನ್ನೆ ಕೆಂಡವಾಗಿತ್ತು. ಮೊದಲ ಸುತ್ತಿನಲ್ಲಿ ಎರಡು ಸಲ ಹೆಜ್ಜೆ ತಪ್ಪಿದಳು. ತಪ್ಪಿದಾಗಲೆಲ್ಲ ಊರು ಒಟ್ಟಿಗೆ "ಅಯ್ಯೋ" ಎಂದಿತು, ಮೂರನೆಯ ಸುತ್ತು ಸರಿಯಾಗಿ ಬಂದಾಗ ಚಪ್ಪಾಳೆ ತಟ್ಟಿತು. ಅದು ಇನ್ನೂ ಕೆಟ್ಟದ್ದಾಯಿತು.

ಮರಳುವಾಗ ಆಕೆ ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಊರು ಬಂದ ಮೇಲೆ ಬಾಗಿಲಲ್ಲಿ ಅಡ್ಡ ನಿಂತಳು. ಯಾರೂ ಇಳಿಯುವಂತಿಲ್ಲ.

"ಮುಂದಿನ ಬುಧವಾರ ಎಲ್ಲರೂ ಬರ್ಬೇಕು. ಅದರ ಮುಂದಿನದಕ್ಕೂ ಬರ್ಬೇಕು. ಆದ್ರೆ ಹಾಲ್ ಹತ್ರ ಯಾರೂ ಇಳೀಕೂಡದು. ನಾನು ಬಸ್ಸು ತುಂಬಿಸಿ ಅಂದೆ, ನನ್ನ ಬುಧವಾರ ತುಂಬಿಸಿ ಅನ್ಲಿಲ್ಲ."

"ಎಲ್ಲಿ ಇಳೀಬೇಕು ಮತ್ತೆ?" ಎಂದು ಐವರ್ ಕೇಳಿದ.

"ಒಂದು ಸ್ಟಾಪ್ ಮೊದಲು. ಸಂತೆ ಚೌಕದಲ್ಲಿ."

ಈಗ ಹಾಗೇ ನಡೆದಿದೆ. ಊರು ಚೌಕದಲ್ಲಿ ಇಳಿಯುತ್ತದೆ. ಬಸ್ಸಿನಲ್ಲಿ ಗ್ಲೆನಿಸ್ ಒಬ್ಬಳೇ ಉಳಿಯುತ್ತಾಳೆ. ಮೊಯ್ರಾ ಅಮ್ಮನನ್ನು ಕರೆತಂದು ಪೇಟೆಯ ಡಾಕ್ಟರಿಗೆ ಮುಖಾಮುಖಿ ತೋರಿಸುತ್ತಾಳೆ, ಸಂಗೀತವಿಲ್ಲದೆ. ಅಧ್ಯಕ್ಷರು ಮಾಂಸ ತುಂಬಿ ಬೇಯಿಸಿದ ಪೈ ಸಿಗುವ ಅಂಗಡಿಯೊಂದನ್ನು ಕಂಡುಕೊಂಡಿದ್ದಾರೆ. ಊರೆಲ್ಲ ಈಗ ಅಲ್ಲೇ ಉಣ್ಣುತ್ತದೆ. ಆ ಅಂಗಡಿಗೆ ಹೋಗಲು ಧಾನ್ಯಮಂಡಿಯ ದೊಡ್ಡ ಕಿಟಕಿಗಳ ಮುಂದೆಯೇ ಹಾದುಹೋಗಬೇಕು. ಒಳಗೆ ವಾದ್ಯ ಬಾರಿಸುತ್ತಿರುತ್ತದೆ, ಹರಾಜಿನ ದನಿಯಲ್ಲಿ ಯಾರೋ ಹೆಜ್ಜೆ ಎಣಿಸುತ್ತಿರುತ್ತಾರೆ. ಊರಿನವರು ಅಲ್ಲಿಗೆ ಬಂದಾಗ ಎದುರು ಸಾಲಿನ ಚಪ್ಪಲಿ ಅಂಗಡಿಯ ಕಡೆ ಮುಖ ತಿರುಗಿಸಿಕೊಂಡು, ಒಬ್ಬರ ಹಿಂದೊಬ್ಬರು, ಬಹಳ ಸಭ್ಯರಾಗಿ ನಡೆದುಹೋಗುತ್ತಾರೆ.